ಜಿಲ್ಲೆಗೊಂದು ವಿಮಾನ ನಿಲ್ದಾಣ: ಹಿಂದುಳಿದ ನಾಡಿಗೆ ರೆಕ್ಕೆ ಬಂದೀತೆ?

ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 700. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಪ್ರಾದೇಶಿಕ ಅಸಮತೋಲನದ ಅರ್ಧ ಕಥೆ ಹೇಳಿದಂತಾಯಿತು. ಕಾಯಿಲೆ ಬಿದ್ದರೆ, ಸಗಟು ಮಾಲು ಬೇಕಾದರೆ, ಮಗನಿಗೆ ಕೆಲಸ ಹುಡುಕಬೇಕಾದರೆ ಬೀದರಿನವರು ಹೈದರಾಬಾದಿನ ದಾರಿ ಹಿಡಿಯುತ್ತಾರೆ. ವಿಧಾನಸೌಧದಲ್ಲಿ ಕಡತವೊಂದು ಅಲ್ಲಾಡದೆ ಕುಳಿತಾಗ ಮಾತ್ರ ಬೆಂಗಳೂರು ನೆನಪಾಗುತ್ತದೆ. 1956ರಲ್ಲಿ ನಕ್ಷೆಯ ಮೇಲೆ ಒಂದಾದ ನಾಡು ಓಡಾಟದಲ್ಲಿ ಇನ್ನೂ ಪೂರ್ತಿಯಾಗಿ ಒಂದಾಗಿಲ್ಲ. ಸಭೆಯಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಈ ಹಿನ್ನೆಲೆಯಲ್ಲಿ 2020ರ ಫೆಬ್ರುವರಿ 7ರಂದು ಬೀದರ್ ನಿಲ್ದಾಣ ಉದ್ಘಾಟನೆಯಾಗಿ ಬೆಂಗಳೂರಿಗೆ ವಿಮಾನ ಹಾರಿದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ವಾಯುಪಡೆಯ ನೆಲೆ ಹಳೆಯದು, ರನ್‌ವೇಯೂ ಇತ್ತು. ಆದರೆ ಹೈದರಾಬಾದಿನ ಹೊಸ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ವ್ಯಾಪ್ತಿಯಲ್ಲಿ ಮತ್ತೊಂದು ನಿಲ್ದಾಣ ಬರಕೂಡದೆಂಬ ನಿಬಂಧನೆಯಿತ್ತು. ಆ ತೊಡಕು ಬಿಡಿಸುವುದರಲ್ಲೇ ವರ್ಷಗಳು ಕಳೆದವು. ಕೊನೆಗೂ ವಿಮಾನ ಬಂತು. ಏಳೇ ವಾರಗಳಲ್ಲಿ ಕೊರೊನಾ ಲಾಕ್‌ಡೌನ್ ಬಂತು. ಬಳಿಕ ಸೇವೆ ನಡೆಸುತ್ತಿದ್ದ ಟ್ರೂಜೆಟ್ ಕಂಪನಿಯೇ ನಿಂತುಹೋಯಿತು. 2022ರಲ್ಲಿ ಮತ್ತೊಂದು ಕಂಪನಿ ಮುಂದೆ ಬಂತು. 2023ರ ಕೊನೆಯಲ್ಲಿ ಆ ಸೇವೆಯೂ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಊರಿನ ಜನ ಇದನ್ನು ನಂಬಿ ಕೆಲಸ ಗೊತ್ತುಮಾಡಿಕೊಳ್ಳುವುದಾದರೂ ಹೇಗೆ?

ಸಣ್ಣ ಊರಿನ ವಿಮಾನ ಹೀಗೇಕೆ ಬಂದು ಬಂದು ಹೋಗುತ್ತದೆ ಎಂಬುದಕ್ಕೆ ಲೆಕ್ಕಾಚಾರವಿದೆ. ದಿನಕ್ಕೆ ಒಂದು ವಿಮಾನ ಇಳಿದರೂ ಇಪ್ಪತ್ತು ಇಳಿದರೂ ಅಗ್ನಿಶಾಮಕ ದಳ ಬೇಕು, ಭದ್ರತೆಯವರು ಬೇಕು, ರನ್‌ವೇ ನೋಡಿಕೊಳ್ಳುವವರು ಬೇಕು. ಐವತ್ತು ಅಥವಾ ಎಪ್ಪತ್ತು ಆಸನಗಳ ವಿಮಾನದಲ್ಲಿ ಹತ್ತು ಆಸನ ಖಾಲಿ ಹೋದರೂ ಹೊಡೆತ ಬೀಳುತ್ತದೆ. ಆದ್ದರಿಂದಲೇ ಸರ್ಕಾರ ಕೈಹಿಡಿಯದೆ ಈ ದಾರಿಗಳು ನಡೆಯವು.

ಕೈಹಿಡಿಯುವ ಪ್ರಯತ್ನ ಹೊಸದೇನಲ್ಲ. ಈಶಾನ್ಯ ರಾಜ್ಯಗಳಿಗೆಂದು 1981ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸೇರಿ ‘ವಾಯುದೂತ್’ ಸಂಸ್ಥೆಯನ್ನು ಹುಟ್ಟುಹಾಕಿದವು. ಅದು ದೇಶದ ಇತರ ಸಣ್ಣ ಊರುಗಳಿಗೂ ಹಬ್ಬಿತು, ನಷ್ಟದಲ್ಲಿ ಮುಳುಗಿತು, 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ಮೇಲೆ 1994ರಲ್ಲಿ ಬೇರೆ ದಾರಿ ಹಿಡಿಯಲಾಯಿತು. ಮುಂಬಯಿ–ದೆಹಲಿಯಂಥ ಲಾಭದ ಮಾರ್ಗಗಳಲ್ಲಿ ಹಾರುವವರು ಅದರ ಕನಿಷ್ಠ ಶೇ 10ರಷ್ಟನ್ನಾದರೂ ಈಶಾನ್ಯ, ಕಾಶ್ಮೀರ, ಅಂಡಮಾನ್ ಮೊದಲಾದ ಕಡೆ ಹಾರಿಸಬೇಕೆಂಬ ಕಟ್ಟಳೆ ಬಂತು. ಆದರೆ ಕಲಬುರ್ಗಿಯಂಥ ಊರು ಗುಡ್ಡಗಾಡೂ ಅಲ್ಲ, ಗಡಿನಾಡಿನ ದ್ವೀಪವೂ ಅಲ್ಲ. ಈ ಕಟ್ಟಳೆಯಿಂದ ಅದಕ್ಕೆ ಹೆಚ್ಚೇನೂ ದಕ್ಕಲಿಲ್ಲ.

2016ರ ಅಕ್ಟೋಬರ್‌ನಲ್ಲಿ ಬಂದ ‘ಉಡಾನ್’ ಯೋಜನೆಯ ಜಾಣತನ ಮೆಚ್ಚುವಂಥದು. ಒಂದು ಮಾರ್ಗಕ್ಕೆ ಅತಿ ಕಡಿಮೆ ಸಹಾಯಧನ ಕೇಳಿದ ಕಂಪನಿಗೆ ಮೂರು ವರ್ಷ ಆ ಮಾರ್ಗ ಮೀಸಲು. ಅರ್ಧದಷ್ಟು ಆಸನಗಳಿಗೆ ದರದ ಮಿತಿ. ಆರಂಭದಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ. ನಷ್ಟ ತುಂಬುವ ಹಣದಲ್ಲಿ ಶೇ 80 ಕೇಂದ್ರದ ನಿಧಿಯಿಂದ, ಶೇ 20 ರಾಜ್ಯದಿಂದ. ಕೇಂದ್ರದ ಆ ನಿಧಿಗೆ ಹಣ ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕುವ ಸುಂಕದಿಂದ. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ಪ್ರಯಾಣಿಕ ತನಗೆ ಗೊತ್ತಿಲ್ಲದೆಯೇ ಬೀದರಿನವನ ಟಿಕೆಟ್ಟಿಗೆ ಪಾಲು ಕೊಡುತ್ತಾನೆ. ರಾಜ್ಯಗಳು ಇಂಧನದ ತೆರಿಗೆಯನ್ನು ಶೇ 1ಕ್ಕೆ ಇಳಿಸಬೇಕು, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಯನ್ನು ಪುಕ್ಕಟೆ ಒದಗಿಸಬೇಕು.

ಫಲವೇನು? ಮಹಾಲೇಖಪಾಲರ 2023ರ ವರದಿ ನಿರ್ದಾಕ್ಷಿಣ್ಯವಾಗಿದೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದಿದ್ದು 54 ಮಾತ್ರ. ನಡೆಯಲು ಕಲಿಯುವ ಮಗುವಿನ ಕೈಯನ್ನು ಮೂರು ವರ್ಷಕ್ಕೆ ಬಿಟ್ಟುಬಿಡಬೇಕೆಂದು ಯಾರು ಲೆಕ್ಕ ಹಾಕಿದರೋ!

ಸಹಾಯಧನ ಒಂದೂರಿಗೆ ಕೊಟ್ಟು ಪಕ್ಕದೂರಿಗೆ ಕೊಡದಿದ್ದರೆ ಏನಾಗುತ್ತದೆಂಬುದನ್ನು ಬೆಳಗಾವಿ ತೋರಿಸಿತು. ಸಾಂಬ್ರಾದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆಯಿತು. ಆದರೆ ಉಡಾನ್ ಭಾಗ್ಯ ಮೊದಲು ಒಲಿದಿದ್ದು ನೂರು ಕಿ.ಮೀ. ಆಚೆಯ ಹುಬ್ಬಳ್ಳಿಗೆ. 2018ರಲ್ಲಿ ಹುಬ್ಬಳ್ಳಿಯ ನಿಲ್ದಾಣ ಗಿಜಿಗುಟ್ಟತೊಡಗಿದರೆ ಬೆಳಗಾವಿಯ ಹೊಸ ಕಟ್ಟಡ ಭಣಗುಟ್ಟಿತು. ಇದ್ದ ವಿಮಾನಗಳೂ ಅತ್ತ ಸರಿದವು. ಮರುವರ್ಷ ಬೆಳಗಾವಿಯನ್ನೂ ಯೋಜನೆಗೆ ಸೇರಿಸಿದ ಮೇಲೆ ಜೀವ ಬಂತು. ಅಸಮತೋಲನ ನೀಗಿಸಬೇಕಾದ ಹಣ ನೆರೆಹೊರೆಯವರ ನಡುವೆ ಹೊಸ ಅಸಮತೋಲನ ತಂದಿಟ್ಟಿತ್ತು.

ತೋರಣಗಲ್ಲಿನ ವಿದ್ಯಾನಗರದ ಕಥೆ ಬೇರೆ. ಅಲ್ಲಿ ಉಕ್ಕಿನ ಕಾರ್ಖಾನೆ ಮೊದಲು, ಅದರ ನಿಲ್ದಾಣದಲ್ಲಿ ಸಾರ್ವಜನಿಕರ ವಿಮಾನ ಆಮೇಲೆ. ಕಾರ್ಖಾನೆ ಇದ್ದಲ್ಲಿ ಆಸನ ತುಂಬುವುದು ಕಷ್ಟವಲ್ಲ. ಕಲಬುರ್ಗಿಯಲ್ಲಿ ಇದು ತಿರುವುಮುರುವು. 2008ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಕೈಗೆತ್ತಿಕೊಂಡ ಕೆಲಸ ಕುಂಟಿ, ಕೊನೆಗೆ ಸರ್ಕಾರವೇ ಮುಗಿಸಿ, 2019ರ ನವೆಂಬರ್ 22ರಂದು ನಿಲ್ದಾಣ ತೆರೆಯಿತು. ರನ್‌ವೇ ಮೂರು ಕಿ.ಮೀ.ಗೂ ಉದ್ದ. ಆ ನೆಲದ ದೊಡ್ಡ ಬೆಳೆ ತೊಗರಿ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ತೊಗರಿ ಮಾತ್ರ ವಿಮಾನ ಹತ್ತುವ ಸರಕಲ್ಲ, ಲಾರಿಯಲ್ಲೋ ಗೂಡ್ಸ್ ರೈಲಿನಲ್ಲೋ ಹೋಗುತ್ತದೆ. ಅಲ್ಲಿ ವಿಮಾನ ಹತ್ತುವವರು ಹೈಕೋರ್ಟ್ ಪೀಠಕ್ಕೆ ಬರುವ ವಕೀಲರು, ವಿಶ್ವವಿದ್ಯಾಲಯದವರು, ವೈದ್ಯರು, ಅಧಿಕಾರಿಗಳು, ವ್ಯಾಪಾರಿಗಳು.

ಹಾಗಾದರೆ ಇದು ಉಳ್ಳವರಿಗೆ ಕೊಟ್ಟ ಸಹಾಯಧನವೇ? ಆಕ್ಷೇಪ ಹಗುರವಾದುದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಸಮಿತಿ ಅಳೆದದ್ದು ಸಾಕ್ಷರತೆ, ಆಸ್ಪತ್ರೆ, ನೀರಾವರಿ, ರಸ್ತೆ, ರೈಲು ಹಳಿ, ಕುಡಿಯುವ ನೀರಿನಂಥ ಸಂಗತಿಗಳನ್ನು. ಆ ತಾಲ್ಲೂಕುಗಳಿಂದ ಸುಗ್ಗಿ ಮುಗಿದೊಡನೆ ಗುಳೆ ಹೊರಡುವ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದು ರೈಲಿನ ಜನರಲ್ ಬೋಗಿಯಲ್ಲಿ. ಬೀದರ್–ಕಲಬುರ್ಗಿ ನಡುವಿನ ನೂರಹತ್ತು ಕಿ.ಮೀ. ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ರೈಲು ಓಡಿದ್ದು 2017ರ ಅಕ್ಟೋಬರ್‌ನಲ್ಲಿ. ಎರಡು ದಶಕ!

ಆದರೂ ವೈದ್ಯ, ಎಂಜಿನಿಯರ್, ಬಂಡವಾಳದಾರ ಇವರಾರೂ ಬಂದು ನಿಲ್ಲದ ಊರಿನಲ್ಲಿ ಗುಳೆ ತಪ್ಪಿಸುವ ಕೆಲಸವೂ ಹುಟ್ಟುವುದಿಲ್ಲ. ವಿಮಾನ ತೊಗರಿ ಬೆಳೆಗಾರನ ಹೊಲಕ್ಕೆ ಇಳಿಯುವುದಿಲ್ಲ ನಿಜ. ಬೇಳೆ ಗಿರಣಿ ಹಾಕುವವನನ್ನು, ತಜ್ಞ ವೈದ್ಯನನ್ನು ಒಂದು ದಿನದ ಮಟ್ಟಿಗಾದರೂ ಕರೆತಂದೀತು. ಅದಕ್ಕೆ ವೇಳಾಪಟ್ಟಿ ಬೇಕು. ಬೆಳಿಗ್ಗೆ ಬಂದು ಕೆಲಸ ಮುಗಿಸಿ ಸಂಜೆ ಮರಳುವಂತಿದ್ದರೆ ಅದು ಸಾರಿಗೆ. ವಾರಕ್ಕೆ ಮೂರು ದಿನ, ಅದೂ ನಡುಮಧ್ಯಾಹ್ನ ಬಂದು ಅರ್ಧ ಗಂಟೆಯಲ್ಲಿ ಹಾರಿಹೋದರೆ ಅದು ಬರೀ ಪ್ರದರ್ಶನ. ಟೆಂಡರಿನಲ್ಲಿ ಸಹಾಯಧನದ ಮೊತ್ತಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನಾದರೂ ಗಡಿಯಾರಕ್ಕೆ ಕೊಡಬಹುದಿತ್ತು.

ಶಿವಮೊಗ್ಗದಲ್ಲಿ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ, ಕುವೆಂಪು ಅವರ ಹೆಸರಿನ ನಿಲ್ದಾಣವನ್ನು ರಾಜ್ಯ ಸರ್ಕಾರದ ಸಂಸ್ಥೆಯೇ ನಡೆಸಲು ಹೊರಟಿದ್ದು ಈ ದೃಷ್ಟಿಯಿಂದ ಕುತೂಹಲದ ಪ್ರಯೋಗ. ಜಮೀನು, ಕಟ್ಟಡ, ಪೊಲೀಸು, ಇಂಧನದ ತೆರಿಗೆ ರಿಯಾಯಿತಿ ಎಲ್ಲವೂ ರಾಜ್ಯದ್ದೇ ಆದಾಗ, ವಿಮಾನ ಎಷ್ಟು ಗಂಟೆಗೆ ಬರಬೇಕೆಂದು ಕಂಪನಿಯೊಡನೆ ಕುಳಿತು ಚೌಕಾಸಿ ಮಾಡುವ ಹಕ್ಕೂ ರಾಜ್ಯಕ್ಕಿದೆ.