ಅಯೋದ ಒಂದು ಟನ್ನಿನ ಲೆಕ್ಕ

ಸೌತ್‌ಲೇಕ್‌ನ ಈ ಸಭೆಯಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಗುರುಗ್ರಹದ ಬಗ್ಗೆ ಮಾತಾಡಲು ನಿಂತರೆ ನಿಮಗೆ ನಗು ಬರುವುದು ಸಹಜ. ಆದರೆ ಇದೂ ಜಮಾ-ಖರ್ಚಿನ ವಿಷಯವೇ.

ಗುರುವಿನ ಉಪಗ್ರಹ ಅಯೋ ನಮ್ಮ ಚಂದ್ರನಿಗಿಂತ ತುಸುವೇ ದೊಡ್ಡದು. ಅಲ್ಲಿ ಜ್ವಾಲಾಮುಖಿಗಳು ಉರಿಯುತ್ತಿವೆ ಎಂದು ಗೊತ್ತಾದದ್ದು 1979ರಲ್ಲಿ, ವಾಯೇಜರ್ 1 ಕಳಿಸಿದ ಚಿತ್ರಗಳಿಂದ. ಅವು ಉಗುಳುವ ಗಂಧಕದ ಅನಿಲದಲ್ಲಿ ಸೆಕೆಂಡಿಗೆ ಸುಮಾರು ಒಂದು ಟನ್ ಅಯೋವನ್ನು ಬಿಟ್ಟು ಹೊರಡುತ್ತದೆ. ಅದರ ಪರಮಾಣುಗಳು ವಿದ್ಯುದಂಶ ಪಡೆದ ಕೂಡಲೇ ಗುರುವಿನ ಕಾಂತಕ್ಷೇತ್ರ ಅವನ್ನು ಹಿಡಿದು ತನ್ನೊಡನೆ ಸುತ್ತಿಸುತ್ತದೆ. ಹತ್ತು ಗಂಟೆಯೊಳಗೆ ಒಂದು ಸುತ್ತು! ಹೀಗೆ ಪ್ಲಾಸ್ಮಾದ ಉಂಗುರ ಕಟ್ಟುತ್ತದೆ.

ಇದು ಜಮಾ. ಖರ್ಚೆಲ್ಲಿ? ಎಲ್ಲವೂ ಒಳಗೇ ಉಳಿದರೆ ದಿನಕ್ಕೆ 86,400 ಟನ್ ಸೇರುತ್ತಲೇ ಹೋಗಬೇಕು. ಹಾಗಾಗುವುದಿಲ್ಲ. ಪ್ಲಾಸ್ಮಾ ನಿಧಾನವಾಗಿ ಹೊರಕ್ಕೆ ಸರಿದು, ಕಾಂತಗೋಳವನ್ನು ಒಳಗಿನಿಂದ ಉಬ್ಬಿಸಿ, ಸೂರ್ಯನಿಗೆ ಬೆನ್ನು ಮಾಡಿದ ಬಾಲದ ಕಡೆ ತುಂಡುತುಂಡಾಗಿ ಕಳಚಿಹೋಗುತ್ತದೆ. ಆದರೆ ನೌಕೆಗಳು ಕಂಡ ದೊಡ್ಡ ತುಂಡುಗಳನ್ನೆಲ್ಲ ಕೂಡಿದರೂ ಆ ಒಂದು ಟನ್ನು ತಾಳೆಯಾಗುವುದಿಲ್ಲ.

ಆರ್ಟಿಕಲ್‌ಶಿಪ್ ದಿನಗಳಲ್ಲಿ ನಾನು ಇಂಥದೇ ವ್ಯತ್ಯಾಸವೊಂದನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮನೆಗೆ ಹೋಗಿದ್ದೆ. ಮರುದಿನ ನಮ್ಮ ಹಿರಿಯರು ಏನೂ ಬೈಯದೆ ವೋಚರುಗಳ ಕಟ್ಟನ್ನೇ ನನ್ನ ಮುಂದಿಟ್ಟರು.

ಇಲ್ಲಿಂದ ನಾಲ್ಕೈದು ಗಂಟೆ ದಾರಿಯ ಸ್ಯಾನ್ ಆಂಟೋನಿಯೋದ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಯೇ ಜೂನೋ ಯೋಜನೆಯ ಮುಖ್ಯಸ್ಥರು. 2023ರ ಡಿಸೆಂಬರ್ 30ರಂದು ಆ ನೌಕೆ ಅಯೋದಿಂದ ಸುಮಾರು 1,500 ಕಿ.ಮೀ. ದೂರದಲ್ಲಿ ಹಾದುಹೋಯಿತು, 2024ರ ಫೆಬ್ರವರಿ 3ರಂದು ಇನ್ನೊಮ್ಮೆ. ಲೆಕ್ಕ ಕೂಡದಿದ್ದರೆ ಅಂಕಿ ತಿದ್ದಬಾರದು, ಮತ್ತೆ ಹೋಗಿ ನೋಡಬೇಕು. ನನ್ನ ಹಿರಿಯರು ಕಲಿಸಿದ್ದೂ ಅದನ್ನೇ.