ವಿಭೂತಿಯೂ ಬೇಕು, ಬಸ್ಸೂ ಹತ್ತಬೇಕು



ಚಿಕಿತ್ಸೆಗಾಗಿ ಬಂದಿರುವ ತಂದೆತಾಯಂದಿರಿಗೂ, ಅವರ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತಿರುವ ನಿಮಗೂ ಶರಣು ಶರಣಾರ್ಥಿಗಳು. ಗೌಡಗೆರೆ ಸುತ್ತಿನ ಹಳ್ಳಿಗಳವರು ಇಲ್ಲಿದ್ದೀರಿ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯವರೂ ಇದ್ದೀರಿ.

ಮೈಯ ನೋವನ್ನು ನಾವು ವೈದ್ಯರ ಮುಂದೆ ಹೇಳಿಕೊಳ್ಳುತ್ತೇವೆ. ಮನೆಯವರಿಂದ ಆದ ನೋವನ್ನು ಮಾತ್ರ ಹೇಳುವುದಿಲ್ಲ. ಜಮೀನು ಬರೆಸಿಕೊಂಡ ಮಗ ಈಗ ಮಾತಾಡಿಸುವುದಿಲ್ಲ. ಗಂಡ ಕುಡಿದು ಬಂದು ಹೊಡೆಯುತ್ತಾನೆ. ಆದರೂ ಆ ತಾಯಿ 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದೇ ಬರೆಸುತ್ತಾಳೆ. ರಾತ್ರಿ ದೀಪ ಆರಿದ ಮೇಲೆ ಒಳಗೊಳಗೇ ಕೇಳಿಕೊಳ್ಳುತ್ತಾಳೆ: 'ನಾನು ಯಾರಿಗೂ ಕೇಡು ಬಗೆದವಳಲ್ಲ. ಶಿವ ನನ್ನನ್ನು ಮರೆತುಬಿಟ್ಟನೇ?'

ನಮ್ಮ ಶಿರಾ ಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅವನ ಮೇಲೆ ಹಗೆ ಸಾಧಿಸಿದವರು ಹೊರಗಿನವರಲ್ಲ, ಸ್ವಂತ ಸೋದರಮಾವಂದಿರು. ಹೊರಗಿನವರು ಬೈದರೆ ನಾಲ್ಕು ದಿನಕ್ಕೆ ಮರೆಯುತ್ತೇವೆ. ನಮ್ಮವರು ಬೈದರೆ ಉಂಡ ಅನ್ನವೂ ಮೈಗೆ ಹತ್ತುವುದಿಲ್ಲ.

ಇಂಥ ಸಂಕಟದಲ್ಲಿ ದೇವರನ್ನು ನಂಬುವುದು ಎಂದರೇನು? ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಬದುಕನ್ನು ನೋಡೋಣ. ಈಗಿನ ಶಿವಮೊಗ್ಗ ಜಿಲ್ಲೆಯ ಉಡುತಡಿ ಅವಳ ಹುಟ್ಟೂರು. ಚೆನ್ನಮಲ್ಲಿಕಾರ್ಜುನನೇ ತನ್ನ ಪತಿ ಎಂದು ನಂಬಿದವಳು. ಅವಳ ಮೇಲೆ ಕೌಶಿಕ ರಾಜನ ಕಣ್ಣು ಬಿತ್ತು. ಅವನೊಡನೆ ಮದುವೆ ಆಯಿತು ಎಂದು ಹರಿಹರ ಕವಿ ಹೇಳುತ್ತಾನೆ. ಆಗಲಿಲ್ಲ ಎನ್ನುವವರೂ ಇದ್ದಾರೆ. ಕಡೆಗೆ ಅವಳು ಅರಮನೆಯನ್ನೂ ಒಡವೆಯನ್ನೂ ಬಿಟ್ಟು ಹೊರಟಳು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಇಲ್ಲಿ ಗಮನಿಸಿ. 'ಇದು ದೇವರ ಇಚ್ಛೆ, ಅನುಭವಿಸುತ್ತೇನೆ' ಎಂದು ಅಕ್ಕ ಅರಮನೆಯಲ್ಲಿ ಕೂರಲಿಲ್ಲ. ಕೌಶಿಕನಿಗೆ ಬುದ್ಧಿ ಕಲಿಸುತ್ತೇನೆ ಎಂದು ಆಯುಷ್ಯವನ್ನು ಹಗೆಗೆ ಕೊಡಲೂ ಇಲ್ಲ. ಶರಣರಿದ್ದ ಕಲ್ಯಾಣಕ್ಕೆ ನಡೆದಳು. ಅಲ್ಲಿಯೂ ಅಲ್ಲಮಪ್ರಭುಗಳು ಅವಳನ್ನು ಕಠಿಣವಾಗಿ ಪ್ರಶ್ನಿಸಿದರು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅವಳು ಅಳಲಿಲ್ಲ, ಸಿಡಿಯಲಿಲ್ಲ. ಸಮಾಧಾನದಿಂದ ಉತ್ತರ ಕೊಟ್ಟಳು. ತಿರಸ್ಕಾರ ಪಡೆದು ಹೊರಟವಳು ಎಲ್ಲ ಶರಣರಿಗೂ 'ಅಕ್ಕ' ಆದಳು.

ದೇವರು ಕಾಪಾಡಿದ್ದು ಹೀಗೆ. ಎದ್ದು ಹೊರಡುವ ಧೈರ್ಯವನ್ನು ಒಳಗೆ ಕೊಟ್ಟ. ಕೈಹಿಡಿಯುವ ಜನರನ್ನು ಹೊರಗೆ ಕೊಟ್ಟ.

ಜ್ವರ ಬಂದಾಗ ನೀವು ಏನು ಮಾಡಿದಿರಿ? ವಿಭೂತಿ ಹಚ್ಚಿಕೊಂಡು ಮನೆಯಲ್ಲೇ ಮಲಗಲಿಲ್ಲ. ವಿಭೂತಿಯನ್ನೂ ಹಚ್ಚಿಕೊಂಡಿರಿ, ಬಸ್ಸನ್ನೂ ಹತ್ತಿದಿರಿ. ಮನೆಯ ಹಿಂಸೆಗೂ ಅದೇ ದಾರಿ.

ಹೆಣ್ಣುಮಕ್ಕಳ ರಕ್ಷಣೆಗೆಂದೇ 2005ರಲ್ಲಿ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂತು. ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದು ಕೂಡ ಅದರಲ್ಲಿ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಬಳಿ ದೂರು ಕೊಡಬಹುದು. ಅವರ ಕಚೇರಿಯ ದಾರಿಯನ್ನು ಊರಿನ ಅಂಗನವಾಡಿಯವರೇ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯವಿದ್ದರೆ ತಕ್ಷಣ 112.

ಅರವತ್ತು ದಾಟಿದ ಹಿರಿಯರಿಗೆ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಶಿರಾ, ಕೊರಟಗೆರೆ, ಪಾವಗಡದವರಿಗೂ ಆ ಕಚೇರಿ ಮಧುಗಿರಿಯಲ್ಲೇ ಇದೆ. ಈ ಕಾಯ್ದೆ ಬಂದ ಮೇಲೆ, ನೋಡಿಕೊಳ್ಳಬೇಕೆಂಬ ಷರತ್ತು ಹಾಕಿ ಬರೆದುಕೊಟ್ಟ ಆಸ್ತಿಯಾಗಿದ್ದು, ಅವರು ನೋಡಿಕೊಳ್ಳದೇ ಹೋದರೆ, ಆ ಪತ್ರವನ್ನು ರದ್ದುಪಡಿಸಿ ಎಂದು ಕೇಳುವುದಕ್ಕೂ ಅವಕಾಶವಿದೆ. ಹಿರಿಯರ ಸಹಾಯವಾಣಿ 14567. ವಕೀಲರಿಗೆ ಕೊಡಲು ಹಣವಿಲ್ಲದವರು ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಈ ನೆರವು ಸಿಗುತ್ತದೆ.

'ಸ್ವಾಮಿ, ದೂರು ಕೊಟ್ಟರೆ ಮನೆಯ ಮಾನ ಹೋಗುವುದಿಲ್ಲವೇ?' ಎಂದು ಕೇಳುತ್ತೀರಿ. ಮಾನ ಹೋಗುವುದು ಹೊಡೆದವನಿಂದ, ಹೊಡೆತ ತಿಂದವರಿಂದಲ್ಲ. 'ಕ್ಷಮಿಸಬೇಕಲ್ಲವೇ?' ಎಂದೂ ಕೇಳುತ್ತೀರಿ. ಕ್ಷಮಿಸಿ. ಆದರೆ ಗಾಯದಲ್ಲಿ ಮುಳ್ಳು ಬಿಟ್ಟು ಔಷಧಿ ಹಚ್ಚುವುದಿಲ್ಲವಲ್ಲ. ಮೊದಲು ಹಿಂಸೆ ನಿಲ್ಲಲಿ. ಕ್ಷಮೆ ತಾನಾಗಿ ಬಂದೀತು.

ಜೊತೆಗೆ ಬಂದಿರುವ ಬಂಧುಗಳಿಗೆ ಒಂದು ಮಾತು. ಪಕ್ಕದ ಹಾಸಿಗೆಯವರನ್ನು ನೋಡಲು ಯಾರೂ ಬಂದಿಲ್ಲವಾದರೆ ನಿಮ್ಮ ಗಂಜಿಯಲ್ಲಿ ಒಂದು ಲೋಟ ಅವರಿಗೂ ಕೊಡಿ. 'ಯಾಕವ್ವಾ, ಊಟ ಮಾಡಿದೆಯಾ?' ಎಂದು ಕೇಳಿ. ಅವರು 'ಶಿವ ನನ್ನನ್ನು ಮರೆತಿಲ್ಲ' ಎಂದುಕೊಳ್ಳುವುದು ಆ ಒಂದು ಮಾತಿನಿಂದಲೇ.

ಇಂದು ರಾತ್ರಿ ಮಲಗುವ ಮುನ್ನ ಕಣ್ಣು ಮುಚ್ಚಿ. ಲಿಂಗವಂತರು ಇಷ್ಟಲಿಂಗವನ್ನು ನೆನೆಯಿರಿ, ಬೇರೆಯವರು ನಿಮ್ಮ ನಿಮ್ಮ ದೇವರನ್ನು ನೆನೆಯಿರಿ. 'ಅವರಿಗೆ ಕೇಡಾಗಲಿ' ಎಂದು ಬೇಡಬೇಡಿ. 'ನನಗೆ ಧೈರ್ಯ ಕೊಡು, ಅವರಿಗೆ ಬುದ್ಧಿ ಕೊಡು' ಎಂದು ಬೇಡಿ. ಬೆಳಿಗ್ಗೆ ವೈದ್ಯರೋ ದಾದಿಯರೋ ಬಂದಾಗ, ನಿಜವಾಗಿ ಏನಾಯಿತು ಎಂಬುದನ್ನು ಅವರಿಗೆ ಹೇಳಿ. ಆ ಮಾತೂ ಪೂಜೆಯೇ.

ಎಲ್ಲರೂ ಬೇಗ ಗುಣಮುಖರಾಗಿ ಮನೆ ಸೇರುವಂತಾಗಲಿ. ಶರಣು ಶರಣಾರ್ಥಿ.