‘ಎಲ್ಲ’ ಬಟನ್ ಒತ್ತಿದ್ರೂ ಎಲ್ಲರಿಗೂ ಕೇಳಿಸಲಿಲ್ಲ

ಇವತ್ತಿನ ವಿಷಯ, ಅನೌನ್ಸ್‌ಮೆಂಟ್ ಮೈಕ್. ‘ಇದರಲ್ಲಿ ಮಾತಾಡೋಕೆ ಏನಿದೆ?’ ಅಂತ ನಾನೂ ಅಂದ್ಕೊಂಡಿದ್ದೆ.

ಹೋದ ವರ್ಷ ಚಿಕ್ಕಪ್ಪನ ಮಗಳ ಆರತಕ್ಷತೆ. ಆ ಗದ್ದಲದಲ್ಲಿ ನಮ್ಮ ಅಕ್ಕನ 5 ವರ್ಷದ ಮಗ ಕಾಣಿಸಲಿಲ್ಲ. ಮಂಟಪದ ಆಫೀಸಿಗೆ ಓಡಿದ್ವಿ. ಅಲ್ಲಿ ಮೇಜಿನ ಮೇಲೆ ಬಟನ್ ಇರೋ ಮೈಕ್: 1, 2, 3, 4, ಪಕ್ಕದಲ್ಲಿ ‘ಎಲ್ಲ’ ಅಂತ ಚೀಟಿ ಅಂಟಿಸಿದ್ದ ಇನ್ನೊಂದು. ಮ್ಯಾನೇಜರ್ ‘ಎಲ್ಲ’ ಒತ್ತಿ ಮೂರು ಸಲ ಹೇಳಿದ್ರು. ಲೈಟ್ ಹತ್ತಿತು, ಹಾಲ್‌ನಲ್ಲಿ ಜೋರಾಗೇ ಕೇಳಿಸ್ತು. ಆದ್ರೆ ಹುಡುಗ ಇದ್ದದ್ದು ಹಿಂದಿನ ಪಾರ್ಕಿಂಗ್‌ನಲ್ಲಿ, ವಾಚ್‌ಮನ್ ಪಕ್ಕ. ಯಾರ ಮಗು ಅಂತ ಅವರಿಗೂ ಗೊತ್ತಿಲ್ಲ, ಅನೌನ್ಸ್‌ಮೆಂಟ್ ಅಲ್ಲಿಗೆ ಬಂದೇ ಇಲ್ಲ. ಸಿಗೋಕೆ 20 ನಿಮಿಷ ಆಯ್ತು. ಆ 20 ನಿಮಿಷ ಅಕ್ಕನ ಮುಖ ನಾನು ಮರೆಯಲ್ಲ.

ಆಮೇಲೆ ಅದನ್ನ ಸರಿ ಮಾಡೋಕೆ ಬಂದ ಸೌಂಡ್‌ನವರ ಜೊತೆ ಅರ್ಧ ದಿನ ಕೂತೆ. ಇಂಥ ಸಿಸ್ಟಮ್‌ನಲ್ಲಿ ಸ್ಪೀಕರ್‌ಗಳನ್ನ ಜೋನ್‌ಗಳಾಗಿ ಹಂಚಿರ್ತಾರೆ. ಹಾಲ್ ಒಂದು, ಊಟದ ಮನೆ ಒಂದು, ರೂಮ್‌ಗಳು ಒಂದು, ಪಾರ್ಕಿಂಗ್ ಒಂದು. ಬಟನ್ ಅನ್ನೋದು ಬರೀ ಸೂಚನೆ. ಯಾವ ಬಟನ್‌ಗೆ ಯಾವ ಲೈನ್ ತೆರೀಬೇಕು ಅನ್ನೋದನ್ನ ನಾವೇ ಸೆಟ್ ಮಾಡಬೇಕು. ಅಲ್ಲಿ ಪಾರ್ಕಿಂಗ್ ಆಮೇಲೆ ಸೇರಿಸಿದ್ದು. 4ನೇ ಬಟನ್ ಕೆಲಸ ಮಾಡ್ತಿತ್ತು, ಆದ್ರೆ ‘ಎಲ್ಲ’ ಅನ್ನೋ ಗುಂಪಿನಲ್ಲಿ ಇನ್ನೂ ಹಳೇ ಮೂರೇ ಜೋನ್ ಇತ್ತು.

ನಾನು ಓದಿದ್ದು ಬಿಕಾಂ. ಒಬ್ಬರ ಖಾತೆಗೆ ಬರೀಬೇಕಾದ್ದನ್ನ ಇನ್ನೊಬ್ಬರ ಖಾತೆಗೆ ಬರೆದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಮೈಕ್ ಲೈಟೂ ಹಾಗೇ. ಅದು ಹತ್ತಿದ ಮಾತ್ರಕ್ಕೆ ಮಾತು ತಲುಪಿದೆ ಅಂತಲ್ಲ.

ಹಾಗಾದ್ರೆ ಸೆಟ್ ಮಾಡೋದು ಹೇಗೆ? ಮೊದಲು ಪೇಪರ್ ಮೇಲೆ ಜೋನ್ ಬರ್ಕೊಳ್ಳಿ. ಗೋಡೆ ನೋಡಿ ಅಲ್ಲ, ಕೇಳೋ ಜನರನ್ನ ನೋಡಿ ಹಂಚಿ. ಅಡ್ಡ ನಿಂತ ಕಾರಿನ ನಂಬರ್ ಮುಹೂರ್ತದ ಹೊತ್ತಿಗೆ ಹಾಲ್‌ನಲ್ಲಿ ಕೂಗಬಾರದು ಅಲ್ವಾ?

ಎರಡು ಮೈಕ್ ಇದ್ರೆ ಎರಡಕ್ಕೂ ಬೇರೆ ಬೇರೆ ವಿಳಾಸ ಕೊಡಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಇದಕ್ಕೆ ಚಿಕ್ಕ ಚಿಕ್ಕ ಸ್ವಿಚ್‌ಗಳು ಇರುತ್ತೆ. ಪವರ್ ಆಫ್ ಮಾಡಿ ಬದಲಾಯಿಸಿ. ಎರಡಕ್ಕೂ ಒಂದೇ ವಿಳಾಸ ಇದ್ರೆ ಒಂದರ ಸೂಚನೆಗೆ ಇನ್ನೊಂದು ಅಡ್ಡ ಬರುತ್ತೆ.

ಮುಂದಿನದು ಪ್ರಯಾರಿಟಿ. ತುರ್ತು ಸಂದೇಶ ಮೊದಲು, ಆಮೇಲೆ ಆಫೀಸ್ ಮೈಕ್, ಕೊನೆಗೆ ಹಾಡು. ಮೈಕ್ ಆನ್ ಆದ್ರೆ ಹಾಡು ತಾನಾಗೇ ತಗ್ಗಬೇಕು. ಜನ ಮರೆಯೋದು ರೂಮಿನ ಗೋಡೆಯ ವಾಲ್ಯೂಮ್ ತಿರುಗಣೆ. ಯಾರೋ ಅದನ್ನ ಸೊನ್ನೆಗೆ ಇಟ್ರೆ ಅನೌನ್ಸ್‌ಮೆಂಟೂ ಕೇಳಲ್ಲ. ಅದನ್ನ ದಾಟಿ ಬರೋ ಓವರ್‌ರೈಡ್ ಇರೋ ಕಂಟ್ರೋಲ್ ಹಾಕಿಸಿ, ಅದಕ್ಕೆ ಬೇಕಾದ ಹೆಚ್ಚಿನ ವೈರನ್ನೂ ಎಳೆಸಿ.

ಮಾತಾಡೋವಾಗ ‘ಡಿಂಗ್ ಡಾಂಗ್’ ಮುಗಿಯೋವರೆಗೆ ಕಾಯಿರಿ. ಇಲ್ಲಾಂದ್ರೆ ಮೊದಲ ಪದ ಹೋಯ್ತು. ಎಷ್ಟೋ ಸಲ ಆ ಮೊದಲ ಪದವೇ ಮಗುವಿನ ಹೆಸರು.

ಕೊನೇದು ಟೆಸ್ಟ್. ಒಬ್ಬರು ಮೈಕ್ ಹತ್ರ, ಇನ್ನೊಬ್ಬರು ಫೋನ್ ಹಿಡಿದು ಒಂದೊಂದೇ ಜೋನ್‌ನಲ್ಲಿ. ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಜನರೇಟರ್ ಓಡಿಸಿ ಕೇಳಿ. ಖಾಲಿ ಹಾಲ್‌ನಲ್ಲಿ ಕೇಳಿಸಿದ್ದು ಮದುವೆ ದಿನ ಕೇಳಿಸ್ಬೇಕಲ್ಲ! ಪ್ರತಿ ಬಟನ್ ಆದ ಮೇಲೆ ‘ಎಲ್ಲ’ ಒತ್ತಿ ಇನ್ನೊಂದು ಸುತ್ತು. ಕರೆಂಟ್ ಹೋದ್ರೆ ಆಂಪ್ಲಿಫೈಯರ್‌ಗೆ ಬ್ಯಾಟರಿ ಇದೆಯಾ, ಅದನ್ನೂ ನೋಡಿ. ಬಟನ್ ಮೇಲೆ ನಂಬರ್ ಬೇಡ, ‘ಊಟದ ಮನೆ’, ‘ಪಾರ್ಕಿಂಗ್’ ಅಂತ ಕನ್ನಡದಲ್ಲೇ ಬರೀರಿ. ಗಾಬರಿಯಲ್ಲಿ ನಂಬರ್ ಯಾರಿಗೂ ನೆನಪಿರಲ್ಲ. ಹೊಸ ಸ್ಪೀಕರ್ ಹಾಕಿದಾಗೆಲ್ಲ ಈ ಟೆಸ್ಟ್ ಮತ್ತೆ ಮಾಡಿ.

ನೀವು ಶಾಲೆಯಲ್ಲೋ, ದೇವಸ್ಥಾನದ ಸಮಿತಿಯಲ್ಲೋ, ಆಸ್ಪತ್ರೆಯಲ್ಲೋ ಇದ್ರೆ ಈ ವಾರ ಒಂದು ಕೆಲಸ ಮಾಡಿ. ಎಲ್ಲಕ್ಕಿಂತ ದೂರದ ಮೂಲೆಗೆ ಒಬ್ಬರನ್ನ ಕಳಿಸಿ ‘ಎಲ್ಲ’ ಬಟನ್ ಒತ್ತಿ. ‘ಕೇಳಿಸ್ತು’ ಅಂತ ಅವರು ಫೋನ್ ಮಾಡೋವರೆಗೆ ಲೈಟನ್ನ ನಂಬಬೇಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.